ಹೊರುವವಳನ್ನು ಕೇಳದೆ ಲ್ಯಾಪ್‌ಟಾಪ್ ಕೊಳ್ಳಬೇಡಿ

ಮಗಳು ಡಿಗ್ರಿಗೆ ಸೇರಿದ ಕೂಡಲೇ ನಮ್ಮ ಕಡೆ ಮನೆಗಳಲ್ಲಿ ಎರಡು ಮಾತು ಏಳುತ್ತವೆ. ಒಂದು, "ಫೋನ್ ಇದೆಯಲ್ಲಮ್ಮ, ಅದರಲ್ಲೇ ಓದಿಕೊ." ಇನ್ನೊಂದು, "ಕೊಡಿಸೋದಾದರೆ ದೊಡ್ಡದೇ ಕೊಡಿಸೋಣ, ನಾಲ್ಕು ಕಾಲ ಬಾಳಿಕೆ ಬರಲಿ." ಎರಡೂ ತಪ್ಪು ಅನ್ನುವುದು ನಮ್ಮ ವಾದ. ಈ ಎರಡು ಮಾತು ಆಡುವವರು ಯಾರೂ ಆ ಲ್ಯಾಪ್‌ಟಾಪನ್ನು ಒಂದು ದಿನವೂ ಬಸ್ಸಿನಲ್ಲಿ ಹೊರುವವರಲ್ಲ.

ಫೋನ್ ಸಾಕು ಅನ್ನುವವರನ್ನೇ ಮೊದಲು ಕೇಳೋಣ. ಬಿ.ಕಾಂ. ಹುಡುಗಿ ಟ್ಯಾಲಿ ಕಲಿಯುವುದು ಯಾವುದರಲ್ಲಿ? ಇನ್ನೂರು ಸಾಲಿನ ಎಕ್ಸೆಲ್ ಶೀಟನ್ನು ಆರು ಇಂಚಿನ ಪರದೆಯಲ್ಲಿ ಬೆರಳಿನಿಂದ ಎಳೆದಾಡಿ ನೋಡಿದ್ದೀರಾ? ನಮ್ಮ ಕಸುಬನ್ನೇ ತೆಗೆದುಕೊಳ್ಳಿ. ಫೋನಿನಲ್ಲಿ ಸುದ್ದಿ ಬರೆಯಬಹುದು, ಬರೆಯುತ್ತಲೂ ಇದ್ದೇವೆ. ಆದರೆ ಪುಟ ಕಟ್ಟುವ ಕಡೆ ಇವತ್ತಿಗೂ ಎಷ್ಟೋ ಜನ ಹಳೇ ನುಡಿ ಫಾಂಟಿನಲ್ಲೇ ಕಡತ ಕೇಳುತ್ತಾರೆ. ನುಡಿಯ ಕೀಲಿಮಣೆ ಕೈಗೆ ಕೂರುವುದು ಹತ್ತು ಬೆರಳಿಟ್ಟು ಕೂತರೆ ಮಾತ್ರ. ಹೆಬ್ಬೆರಳಲ್ಲಿ ಕುಟ್ಟಿ ಕಲಿತವರು ಕೆಲಸ ಕೇಳಿಕೊಂಡು ಹೋದ ದಿನ ಟೈಪಿಂಗ್ ಪರೀಕ್ಷೆಯಲ್ಲೇ ಹಿಂದೆ ಬೀಳುತ್ತಾರೆ. ಇನ್ನೊಂದು ಮಾತನ್ನೂ ಇಲ್ಲೇ ಹೇಳಿಬಿಡುತ್ತೇವೆ, ಬೇಸರ ಮಾಡಿಕೊಳ್ಳಬೇಡಿ. ಈ "ಫೋನ್ ಸಾಕು" ಅನ್ನುವ ಬುದ್ಧಿವಾದ ಗಂಡುಮಕ್ಕಳಿಗಿಂತ ಹೆಣ್ಣುಮಕ್ಕಳ ಕಿವಿಗೇ ಹೆಚ್ಚು ಬೀಳುತ್ತದೆ.

ಸರ್ಕಾರವೂ ಇದೇ ಬುದ್ಧಿ ಓಡಿಸಿದ್ದನ್ನು ನೋಡಿದ್ದೇವೆ. ಮೊದಲು ಡಿಗ್ರಿ ವಿದ್ಯಾರ್ಥಿಗಳಿಗೆ ಲ್ಯಾಪ್‌ಟಾಪ್ ಅಂತ ಶುರುವಾಗಿತ್ತು. 2021ರ ಜೂನ್‌ನಲ್ಲಿ, ಕೋವಿಡ್ ಕಾಲದಲ್ಲಿ, ಸರ್ಕಾರಿ ಪದವಿ, ಎಂಜಿನಿಯರಿಂಗ್, ಪಾಲಿಟೆಕ್ನಿಕ್ ಕಾಲೇಜುಗಳ ಸುಮಾರು 1.55 ಲಕ್ಷ ಮಕ್ಕಳಿಗೆ ಟ್ಯಾಬ್ಲೆಟ್ ಹಂಚುವಲ್ಲಿಗೆ ಬಂತು. ಪಾಠ ಕೇಳಲು ಟ್ಯಾಬ್ಲೆಟ್ ಸರಿ, ಇಲ್ಲ ಅನ್ನುವುದಿಲ್ಲ. ಪ್ರಾಜೆಕ್ಟ್ ವರದಿ ಬರೆಯಲು, ಕೋಡ್ ಕಲಿಯಲು, ಲೆಕ್ಕ ಇಡಲು ಅದು ದೊಡ್ಡ ಫೋನು, ಅಷ್ಟೇ. ಕೇಳುವ ಮಕ್ಕಳಿಗೂ ಮಾಡುವ ಮಕ್ಕಳಿಗೂ ಇರುವ ವ್ಯತ್ಯಾಸ ಕೀಬೋರ್ಡಿನಲ್ಲಿದೆ.

ಇನ್ನು "ದೊಡ್ಡದೇ ಕೊಡಿಸೋಣ" ಅನ್ನುವವರು. ಇವರ ಪ್ರೀತಿ ದೊಡ್ಡದು, ಅದಕ್ಕೇ ಅಪಾಯವೂ ದೊಡ್ಡದು. ಅಂಗಡಿಯವನು ತೋರಿಸುವುದು 15.6 ಇಂಚಿನ, ಕೆಂಪು ದೀಪ ಬೆಳಗುವ ಗೇಮಿಂಗ್ ಲ್ಯಾಪ್‌ಟಾಪು. ಯೂಟ್ಯೂಬಿನಲ್ಲಿ ಹೊಗಳುವುದೂ ಅದನ್ನೇ, ಬೆಂಗಳೂರಿನ ಎಸಿ ಕೋಣೆಯಲ್ಲಿ ಮೇಜಿನ ಮೇಲಿಟ್ಟು. ಅದರ ತೂಕ ಎರಡೂಕಾಲು, ಎರಡೂವರೆ ಕೆ.ಜಿ. ಅದರ ಚಾರ್ಜರು ಇಟ್ಟಿಗೆಯಂಥದ್ದು, ಅದೇ ಅರ್ಧ ಕೆ.ಜಿ. ಮೇಲೆ ಪುಸ್ತಕ, ಊಟದ ಡಬ್ಬಿ, ನೀರಿನ ಬಾಟಲಿ.

ಈಗ ಹುತ್ತೂರು ಹೋಬಳಿಯ ಹಳ್ಳಿಯೊಂದರಿಂದ ಹೊರಡಿ. ಬಸ್ಸು ಹಿಡಿದು ಕೋಲಾರ. ಅಲ್ಲಿಂದ ಟಮಕದ ಕಡೆ ಇನ್ನೊಂದು ಬಸ್ಸು. ಬೆಂಗಳೂರಿಗೆ ಹೋಗಿಬರುವವರಾದರೆ ಬಂಗಾರಪೇಟೆಯಲ್ಲಿ ರೈಲು, ಮಾರಿಕುಪ್ಪಂ ಕಡೆಯಿಂದ ತುಂಬಿಕೊಂಡೇ ಬರುವ ರೈಲು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ನಮ್ಮ ಹೆಣ್ಣುಮಕ್ಕಳಿಗೆ ಟಿಕೆಟ್ ಖರ್ಚು ಉಳಿಯಿತು, ಒಳ್ಳೆಯದೇ ಆಯಿತು. ಸೀಟು ಮಾತ್ರ ಸಿಕ್ಕಲಿಲ್ಲ. ನಿಂತುಕೊಂಡು, ಬ್ಯಾಗನ್ನು ಎದೆಗೆ ಅವುಚಿಕೊಂಡು ಹೋಗುವ ಹುಡುಗಿಗೆ ಒಂದು ಕೆ.ಜಿ. ಕಡಿಮೆಯಾದರೆ ಅದು ಏನು ಅಂತ ಅಂಗಡಿಯವನಿಗೆ ಗೊತ್ತಿಲ್ಲ. ಭಾರ ಅಂತ ಎರಡನೇ ತಿಂಗಳಿಗೇ ಅದನ್ನು ಮನೆಯಲ್ಲಿ ಬಿಟ್ಟು ಹೋಗುತ್ತಾಳೆ. ಅಲ್ಲಿಗೆ ಅದು ಬೀರುವಿನಲ್ಲಿಟ್ಟ ರೇಷ್ಮೆ ಸೀರೆ.

ಇಷ್ಟಕ್ಕೆ ಸಾಲ ಬೇರೆ. ಅರವತ್ತು ಸಾವಿರದ ಲ್ಯಾಪ್‌ಟಾಪನ್ನು ನಮ್ಮ ಲೆಕ್ಕದಲ್ಲಿ ಅಳೆಯೋಣ. ಕೋಲಾರದ ಮಂಡಿಯಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸಿಗೆ 300 ಸಿಕ್ಕರೆ 200 ಬಾಕ್ಸು. ನೂರಕ್ಕೆ ಇಳಿದರೆ 600 ಬಾಕ್ಸು, ಅಂದರೆ ಒಂಬತ್ತು ಟನ್ ಹಣ್ಣು. ಅದೂ ಔಷಧಿ, ಕೂಲಿ, ಬಾಡಿಗೆ ಕಳೆಯದೆ. 2023ರ ಜುಲೈನಲ್ಲಿ ಬಾಕ್ಸು 2 ಸಾವಿರ ದಾಟಿದ್ದನ್ನೇ ನೆನೆದು ಕಂತು ಕಟ್ಟುತ್ತೇವೆ ಅನ್ನುವವರಿದ್ದಾರೆ. ಟೊಮೆಟೊ ವರ್ಷಕ್ಕೊಮ್ಮೆ ನಗಬಹುದು, ಕಂತು ತಿಂಗಳು ತಿಂಗಳು ಬಾಗಿಲು ತಟ್ಟುತ್ತದೆ. "ಬಡ್ಡಿ ಇಲ್ಲದ ಕಂತು" ಅಂತ ಬೋರ್ಡು ಹಾಕಿರುತ್ತಾರಲ್ಲ, ಅಲ್ಲಿ ಒಂದೇ ಪ್ರಶ್ನೆ ಕೇಳಿ: ಪೂರ್ತಿ ಹಣ ಈಗಲೇ ಕೊಟ್ಟರೆ ಎಷ್ಟು ಬಿಡ್ತೀರಿ? ಅವನು ಬಿಡುವ ಹಣವೂ ಪ್ರೊಸೆಸಿಂಗ್ ಶುಲ್ಕವೂ ಸೇರಿ ನಿಮ್ಮ ಬಡ್ಡಿ. ಅಮ್ಮ ಸಂಘದಲ್ಲಿ ಸಾಲ ಎತ್ತಿ ತರುವುದಂತೂ ಬೇಡವೇ ಬೇಡ. ಕಿರುಸಾಲ ವಸೂಲಿಯ ಕಿರುಕುಳ ಎಲ್ಲಿಗೆ ಮುಟ್ಟಿತ್ತು ಅಂದರೆ, ಅದನ್ನು ತಡೆಯಲು 2025ರ ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು.

ಹಾಗಾದರೆ ಏನು ಕೊಳ್ಳಬೇಕು? ನಮ್ಮ ಉತ್ತರ ಕೆಲವರಿಗೆ ಹಿಡಿಸುವುದಿಲ್ಲ: ಸೆಕೆಂಡ್ ಹ್ಯಾಂಡ್. ಆದರೆ ಸಿಕ್ಕಿದ್ದಲ್ಲ. ಬೆಂಗಳೂರಿನ ದೊಡ್ಡ ಕಂಪನಿಗಳು ಮೂರು ನಾಲ್ಕು ವರ್ಷ ಬಳಸಿ ಒಟ್ಟಿಗೆ ಮಾರಿಬಿಡುವ ಆಫೀಸು ಲ್ಯಾಪ್‌ಟಾಪುಗಳಿವೆ. ಲೆನೊವೊ ಥಿಂಕ್‌ಪ್ಯಾಡ್ ಟಿ480, ಡೆಲ್ ಲ್ಯಾಟಿಟ್ಯೂಡ್ 7490, ಎಚ್‌ಪಿ ಎಲೈಟ್‌ಬುಕ್ 840 ಜಿ5, ಇಂಥವು. 14 ಇಂಚು, ಒಂದೂವರೆ ಕೆ.ಜಿ. ಆಸುಪಾಸು. ಕೀಬೋರ್ಡು ಗಟ್ಟಿ, ಹಿಂದಿನ ಮುಚ್ಚಳ ಬಿಚ್ಚಿದರೆ ರ‍್ಯಾಮ್, ಎಸ್‌ಎಸ್‌ಡಿ ಬದಲಿಸಬಹುದು. ಮೂರೂ ಯುಎಸ್‌ಬಿ-ಸಿ ತೂತಿನಲ್ಲೇ ಚಾರ್ಜ್ ಆಗುತ್ತವೆ. ಎಸ್.ಪಿ. ರಸ್ತೆಯಲ್ಲಿ ಇಪ್ಪತ್ತು ಇಪ್ಪತ್ತೈದು ಸಾವಿರದ ಆಸುಪಾಸಿಗೆ ಸಿಗುತ್ತವೆ. ಅದೇ ಬೆಲೆಗೆ ಸಿಗುವ ಹೊಸದರಲ್ಲಿ 4 ಜಿಬಿ ರ‍್ಯಾಮ್ ಇಟ್ಟು ಬೋರ್ಡಿಗೇ ಬೆಸೆದಿರುವುದುಂಟು. ಅದು ಮೊದಲ ವರ್ಷವೇ ಏದುಸಿರು ಬಿಡುತ್ತದೆ.

"ಐ7 ಇದೆ, ಬರೀ ಹದಿನೈದು ಸಾವಿರ" ಅನ್ನುವವನ ಹತ್ತಿರ ಹುಷಾರು. ಐ7 ಅನ್ನುವುದು ಒಂದು ಅಂತಸ್ತಿನ ಹೆಸರು, ಹುಟ್ಟಿದ ವರ್ಷವಲ್ಲ. ವರ್ಷ ಇರುವುದು ಅದರ ಮುಂದಿನ ಅಂಕಿಯಲ್ಲಿ. ಐ5-8350ಯು ಅಂದರೆ 8ನೇ ತಲೆಮಾರು. ಐ7-4600ಯು ಅಂದರೆ 4ನೆಯದು, ಎರಡೇ ಕೋರಿನದು. 2017ರಲ್ಲಿ ಬಂದ 8ನೇ ತಲೆಮಾರಿನ ಐ5ನಲ್ಲಿ ನಾಲ್ಕು ಕೋರ್ ಇವೆ. ಇನ್ನೂ ಮುಖ್ಯವಾದದ್ದು, ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ನಿಯಮದ ಪ್ರಕಾರ ಕೂರುವುದು ಇಂಟೆಲ್‌ನ 8ನೇ ತಲೆಮಾರು ಮತ್ತು ಅದರ ಮೇಲಿನವುಗಳಲ್ಲಿ. ಅದಕ್ಕಿಂತ ಹಳೆಯದನ್ನು ಈಗ ಅಗ್ಗಕ್ಕೆ ತಳ್ಳುತ್ತಿರುವುದು ಇದೇ ಕಾರಣಕ್ಕೆ. ಮನೆಯಲ್ಲಿ ಈಗಾಗಲೇ ಅಂಥದ್ದಿದ್ದರೆ ಎಸೆಯಬೇಡಿ, ಲಿನಕ್ಸ್ ಹಾಕಿಸಿ, ಪುಕ್ಕಟೆ. ಹೊಸದಾಗಿ ಕೊಳ್ಳುವವರು ಅದರ ತಂಟೆಗೆ ಹೋಗಬೇಡಿ.

ಬ್ಯಾಟರಿ ನಮಗೆ ಎಲ್ಲಕ್ಕಿಂತ ದೊಡ್ಡದು. ಕರೆಂಟು ಹೋದಾಗ ಓದು ನಿಲ್ಲಬಾರದು ಅಂತಲೇ ತಾನೆ ಡೆಸ್ಕ್‌ಟಾಪ್ ಬಿಟ್ಟು ಇದನ್ನು ಕೊಳ್ಳುವುದು. ಅಂಗಡಿಯಲ್ಲೇ "ಬ್ಯಾಟರಿ ರಿಪೋರ್ಟ್ ತೆಗೀರಿ ಅಣ್ಣ" ಅನ್ನಿ. ವಿಂಡೋಸಿನಲ್ಲೇ ಬರುತ್ತದೆ, ಒಂದು ನಿಮಿಷದ ಕೆಲಸ. ಹುಟ್ಟಿದಾಗಿನ ಸಾಮರ್ಥ್ಯ ಒಂದು ಅಂಕಿ, ಈಗಿನದು ಇನ್ನೊಂದು. 60 ಇದ್ದದ್ದು 30ಕ್ಕೆ ಬಂದಿದ್ದರೆ ಅರ್ಧ ಆಯಸ್ಸು ಮುಗಿದಿದೆ, ಹೊಸ ಬ್ಯಾಟರಿ ಹಾಕಿಸಿ ಕೊಡಲಿ, ಇಲ್ಲ ಬೆಲೆ ಇಳಿಸಲಿ. ತೆಗೆಯಲ್ಲ ಅಂದರೆ ಮುಂದಿನ ಅಂಗಡಿಗೆ ನಡೆಯಿರಿ, ಆ ರಸ್ತೆಯಲ್ಲಿ ಅಂಗಡಿಗಳಿಗೇನು ಬರವೇ?

ಕದ್ದ ಮಾಲಾದರೆ ಏನು ಗತಿ ಅಂತ ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. ಜಿಎಸ್‌ಟಿ ಬಿಲ್ ಇಲ್ಲದೆ, ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸದೆ, ವಾರಂಟಿ ಎಷ್ಟು ತಿಂಗಳು ಅಂತ ಕಾಗದದಲ್ಲಿ ಇಲ್ಲದೆ ಒಂದು ರೂಪಾಯಿಯನ್ನೂ ಕೊಡಬೇಡಿ. ಕಾಗದ ಇದ್ದು ಮೋಸವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ, ಜಿಲ್ಲಾ ಗ್ರಾಹಕರ ಆಯೋಗ ಇದೆ. ಕಾಗದ ಇಲ್ಲದಿದ್ದರೆ ನಿಮ್ಮ ಮಾತು ಗಾಳಿಗೆ.

ನರಸಾಪುರದ ಕಾರ್ಖಾನೆಯಲ್ಲಿ ಐಫೋನ್ ಜೋಡಿಸುವ ಕೈಗಳಲ್ಲಿ ನಮ್ಮ ಹಳ್ಳಿಗಳ ಕೈಗಳೂ ಇವೆ. ಲೋಕಕ್ಕೆಲ್ಲ ಹೋಗುವ ಯಂತ್ರ ಪಕ್ಕದ ಹೋಬಳಿಯಲ್ಲಿ ಆಗುತ್ತದೆ, ನಮ್ಮ ಹುಡುಗಿ ಮಾತ್ರ ರೆಸ್ಯೂಮೆ ಟೈಪ್ ಮಾಡಿಸಲು ಕೋಲಾರದ ಸೈಬರಿನಲ್ಲಿ ಪುಟಕ್ಕಿಷ್ಟು ಅಂತ ಕೊಟ್ಟು ಕಾಯುತ್ತಾಳೆ. ಇದು ನಮಗೆ ಸರಿ ಕಾಣುವುದಿಲ್ಲ.

ಇಪ್ಪತ್ತು ಸಾವಿರವೂ ಆಗದ ಮನೆಗಳಿವೆ. ಅವರಿಗೆ ಈ ಬರಹದಲ್ಲಿ ನಾವು ಕೊಡಬಹುದಾದದ್ದು ಒಂದು ಬೇಡಿಕೆ ಮಾತ್ರ. ಪಂಚಾಯಿತಿಗಳಲ್ಲಿ ಗ್ರಂಥಾಲಯವನ್ನು ಅರಿವು ಕೇಂದ್ರ ಅಂತ ಮಾಡಿದ್ದಾರೆ. ಅಲ್ಲಿ ಕಂಪ್ಯೂಟರ್ ಇದೆಯೇ, ಇದ್ದರೆ ಅದರ ಮೇಲಿನ ಕವರು ತೆಗೆದಿದ್ದಾರೆಯೇ, ಅದರಲ್ಲಿ ನುಡಿ ಇದೆಯೇ, ಕಾಲೇಜು ಬಿಟ್ಟು ಬಸ್ಸಿಳಿಯುವ ಹೊತ್ತಿಗೆ, ಸಂಜೆ ಆರಕ್ಕೆ, ಬಾಗಿಲು ತೆರೆದಿರುತ್ತದೆಯೇ ಅಂತ ಹೋಗಿ ನೋಡಿ. ಇಲ್ಲದಿದ್ದರೆ ಮುಂದಿನ ಗ್ರಾಮಸಭೆಯಲ್ಲಿ ಎದ್ದು ಕೇಳಿ, ಕೇಳಿದ್ದನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಆ ಪುಟದ ಫೋಟೊ ನಮಗೆ ಕಳಿಸಿ.