ಎರಡನೆಯ ಅಡುಗೆ

ನೂಡಲ್ಸ್ ಊಟವಲ್ಲ, ಬರೀ ತಿಂಡಿ ಎಂಬ ಶಾಸ್ತ್ರ ಬರೆದವರು ಯಾರೇ ಆಗಿರಲಿ, ಒಲೆಯ ಮುಂದೆ ನಿಲ್ಲುವವರಂತೂ ಅಲ್ಲ. ನಮ್ಮ ಮನೆಗಳಲ್ಲಿ ನಡೆಯುವುದನ್ನೇ ನೋಡಿ. ಹೋಟೆಲಿನಲ್ಲಿ ತಿಂದ ಥಾಯ್ ನೂಡಲ್ಸ್ ಮಗಳಿಗೆ ಮನೆಯಲ್ಲೂ ಬೇಕು. ಅಮ್ಮ ಸಂಭ್ರಮದಿಂದಲೇ ಮಾಡುತ್ತಾಳೆ. ಯಜಮಾನರು ಎರಡು ತುತ್ತು ತಿಂದು "ಪರವಾಗಿಲ್ಲ, ಚೆನ್ನಾಗಿದೆ" ಅನ್ನುತ್ತಾರೆ. ಆಮೇಲೆ, "ಅನ್ನ ಮಾಡಿಲ್ವಾ?" ಅತ್ತೆಯವರು ಬಾಯಿಬಿಟ್ಟು ಕೇಳುವುದಿಲ್ಲ, ಒಮ್ಮೆ ಅಡುಗೆಮನೆಯ ಕಡೆ ನೋಡುತ್ತಾರೆ, ಅಷ್ಟೆ. ಕುಕ್ಕರ್ ಒಲೆ ಏರುತ್ತದೆ, ತಿಳಿಸಾರು ಕುದಿಯುತ್ತದೆ, ಹಪ್ಪಳವೂ ಕರಿಯಲ್ಪಡುತ್ತದೆ. ಒಂದು ರಾತ್ರಿಗೆ ಎರಡು ಅಡುಗೆ! ಪಾತ್ರೆಯ ರಾಶಿಯ ಮಾತು ಬಿಡಿ.

ನನ್ನ ಜಗಳ ಈ ಎರಡನೆಯ ಅಡುಗೆಯ ಮೇಲೆ.

ಅನ್ನವಿಲ್ಲದೆ ಊಟವೇ ಇಲ್ಲ ಎನ್ನುವುದು ನಮ್ಮೊಬ್ಬರ ಹಟವೇನಲ್ಲ. ಥಾಯ್ಲೆಂಡಿನವರ ಮಾತಿನಲ್ಲಿ ಊಟ ಮಾಡುವುದಕ್ಕೆ 'ಕಿನ್ ಖಾವ್' ಎನ್ನುತ್ತಾರೆ. ಹಾಗೆಂದರೆ ಅನ್ನ ತಿನ್ನುವುದು. ಊಟವಾಯಿತೇ ಎಂದು ವಿಚಾರಿಸುವುದೂ ಅನ್ನ ತಿಂದಿರಾ ಎಂದೇ. ಅಷ್ಟು ಅನ್ನದ ಮೋಹದ ಜನ ಒಂದು ತಟ್ಟೆ ನೂಡಲ್ಸ್ ತಿಂದು ಕೈತೊಳೆದು ಏಳುತ್ತಾರೆ. ಮೊಟ್ಟೆಯೋ ತೋಫುವೋ, ಮೊಳಕೆ ಕಾಳು, ಕಡಲೆಕಾಯಿ ಎಲ್ಲ ಆ ತಟ್ಟೆಯಲ್ಲೇ ಇರುವಾಗ ಇನ್ನೇನು ಬೇಕು? ಬ್ಯಾಂಕಾಕಿನಲ್ಲಿ ಕೆಲಸ ಮುಗಿಸಿ ಬರುವ ಹೆಂಗಸರು ದಾರಿಯ ಅಂಗಡಿಯಲ್ಲಿ ಬೇಯಿಸಿದ ಅಡುಗೆಯನ್ನೇ ಚೀಲದಲ್ಲಿ ಕಟ್ಟಿಸಿಕೊಂಡು ಹೋಗುವುದೂ ಉಂಟು. ಅವರಿಗೆ 'ಪ್ಲಾಸ್ಟಿಕ್ ಚೀಲದ ಗೃಹಿಣಿ' ಎಂದು ಅಡ್ಡಹೆಸರು! ಆ ಹೆಸರಿಟ್ಟವರೂ ಸೌಟು ಹಿಡಿದವರಿರಲಾರರು.

ಇನ್ನು ಸಂಪ್ರದಾಯದ ಮಾತು. 'ಪಾಡ್ ಥಾಯ್' ಎಂದು ಜಗತ್ತೆಲ್ಲ ಹೊಗಳುವ ಈ ನೂಡಲ್ಸ್ ಅಲ್ಲಿಯ ಅಜ್ಜ ಮುತ್ತಜ್ಜರ ಕಾಲದ್ದೇನಲ್ಲ. 1938ರಲ್ಲಿ ಪಿಬುನ್ ಸಾಂಗ್‌ಖ್ರಾಮ್ ಪ್ರಧಾನಿಯಾದರು, 1939ರಲ್ಲಿ ಸಯಾಮ್ ಹೋಗಿ ಥಾಯ್ಲೆಂಡ್ ಆಯಿತು. ನೂಡಲ್ಸ್ ತಿನ್ನಿ, ಮಾರಿ ಎಂದು ಆ ಸರಕಾರವೇ ಜನರನ್ನು ಹುರಿದುಂಬಿಸಿತು. ನೂಡಲ್ಸ್ ಬಂದದ್ದು ಚೀನೀಯರ ಜೊತೆ. ಅದಕ್ಕೆ ಅಲ್ಲಿರುವ 'ಕ್ವೈ ತಿಯಾವ್' ಎಂಬ ಹೆಸರೂ ಚೀನೀಯರದೇ. ನಮ್ಮ ಸಾರಿನ ಒಣಮೆಣಸಿನಕಾಯಿ, ಟೊಮೆಟೊ ಮಾತ್ರ ಏನು, ಋಷಿಗಳು ಬೆಳೆದದ್ದೇ? ಎರಡೂ ಅಮೆರಿಕದಿಂದ ಹಡಗು ಹತ್ತಿ ಬಂದವು. ಬಂದು ಬಹಳ ದಿನವಾದ ನೆಂಟರನ್ನು ಮನೆಯವರೆನ್ನುತ್ತೇವೆ.

ನಮ್ಮಜ್ಜಿಯ ಮನೆಯಲ್ಲಿ ಒತ್ತುಶಾವಿಗೆ ಮಾಡಿದ ದಿನ ಶಾವಿಗೆ, ಕಾಯಿಹಾಲು, ಅದೇ ಊಟ. ಅದೂ ಅಕ್ಕಿಯ ಎಳೆಯೇ ತಾನೆ? ಅಂದು ಯಾರೂ ಅನ್ನ ಕೇಳಿದ್ದಿಲ್ಲ. ಶಾವಿಗೆಯ ಒರಳು ಒತ್ತಲು ಬಲ ಬೇಕಾದ್ದರಿಂದ ಗಂಡಸರೂ ಅಡುಗೆಮನೆಗೆ ಬರುತ್ತಿದ್ದರು. ಕೇಳದಿದ್ದದ್ದಕ್ಕೆ ಅದೇ ಕಾರಣವಿರಬಹುದೆಂದು ನನ್ನ ಗುಮಾನಿ.

"ಇದೆಲ್ಲ ದುಬಾರಿ ಶೋಕಿ" ಎನ್ನುವವರಿಗೂ ಒಂದು ಮಾತು. ಬಾಟಲಿಯ ಸಾಸ್ ಬೇಡ. ಮಜ್ಜಿಗೆಹುಲ್ಲು ಹುಡುಕಬೇಕಾಗಿಯೂ ಇಲ್ಲ, ಈ ಅಡುಗೆಗೆ ಅದು ಬೀಳುವುದಿಲ್ಲ. ಬೇಕಾದದ್ದು ಹುಣಸೆಹಣ್ಣು, ಬೆಲ್ಲ, ಉಪ್ಪು. ಗೊಜ್ಜಿನ ಹದ ಬಲ್ಲವಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅವರು ತಾಳೆಬೆಲ್ಲ, ಮೀನಿನ ಸಾಸ್ ಹಾಕುತ್ತಾರೆ. ನಮ್ಮ ಕಬ್ಬಿನ ಬೆಲ್ಲ ಆಗುತ್ತದೆ. ಮೀನು ಮುಟ್ಟದವರು ಸೋಯಾ ಸಾಸ್ ಹಾಕಿ, ಅಲ್ಲಿಯ ಸಸ್ಯಾಹಾರದ ವ್ರತದವರೂ ಹಾಗೆಯೇ ಮಾಡುತ್ತಾರೆ. ನಾಲ್ವರಿಗೆ 250 ಗ್ರಾಂ ಚಪ್ಪಟೆ ಅಕ್ಕಿ ನೂಡಲ್ಸ್. ದಯವಿಟ್ಟು ಕುದಿಸಬೇಡಿ! ಕುದಿಸಿದರೆ ಬಾಣಲೆಯಲ್ಲಿ ಮುದ್ದೆಯಾಗುತ್ತದೆ. ತಣ್ಣೀರಿನಲ್ಲಿ ಅರ್ಧ ಗಂಟೆ ನೆನೆದು, ಬಾಗುವಂತಾದರೆ ಸಾಕು. ಬಾಣಲೆ ಚೆನ್ನಾಗಿ ಕಾದ ಮೇಲೆ ಎಣ್ಣೆ, ಬೆಳ್ಳುಳ್ಳಿ, ಈರುಳ್ಳಿ, ತೋಫು ಅಥವಾ ಮೊಟ್ಟೆ, ನಂತರ ನೂಡಲ್ಸ್, ಹುಳಿಸಿಹಿ ರಸ, ಒಂದು ಚಿಮುಕು ನೀರು. ನಾಲ್ವರದನ್ನೂ ಒಟ್ಟಿಗೆ ಸುರಿದರೆ ಹುರಿಯುವುದಿಲ್ಲ, ಬೇಯುತ್ತದೆ. ಎರಡು ಸಲ ಮಾಡಿ. ಕೊನೆಗೆ ಮೊಳಕೆ ಹೆಸರುಕಾಳು, ಈರುಳ್ಳಿ ಸೊಪ್ಪು, ತರಿತರಿಯಾಗಿ ಕುಟ್ಟಿದ ಹುರಿದ ಕಡಲೆಕಾಯಿ, ನಿಂಬೆಹಣ್ಣು. ನೆನೆಸುವ ಹೊತ್ತು ಬಿಟ್ಟರೆ ಒಲೆಯ ಮುಂದೆ ಕಾಲು ಗಂಟೆಯ ಕೆಲಸ.

ಅಗಿಯಲಾರದ ಹಿರಿಯರಿಗೆ, ಸಕ್ಕರೆ ಕಾಯಿಲೆಯವರಿಗೆ ಬೇರೆ ಮಾಡಿಕೊಡಿ, ಅದು ಅಗತ್ಯ. ನಾನು ಹೇಳುತ್ತಿರುವುದು ಹಲ್ಲೂ ಗಟ್ಟಿಯಿದ್ದು, ಆರೋಗ್ಯವೂ ನೆಟ್ಟಗಿದ್ದು, ಮದುವೆ ಮನೆಯಲ್ಲಿ ಗೋಬಿ ಮಂಚೂರಿಗೆ ಸಾಲಿನಲ್ಲಿ ನಿಲ್ಲುವವರ ವಿಷಯ. "ಪಾಪ, ಅವರಿಗೆ ಅನ್ನವಿಲ್ಲದಿದ್ದರೆ ನಿದ್ದೆ ಬರೋದಿಲ್ಲ ಕಣೇ" ಎಂದು ಅವರ ಪರವಾಗಿ ವಕಾಲತ್ತು ಮಾಡುವವರೂ ನಾವೇ. ಎರಡು ಸಲ ಬೇಯಿಸಿ ನಡುರಾತ್ರಿಯವರೆಗೆ ಅಡುಗೆಮನೆ ಒರೆಸುವವಳ ನಿದ್ದೆಯ ಲೆಕ್ಕ ಇಟ್ಟವರುಂಟೇ?

ಇಂದು ನೂಡಲ್ಸ್ ಎಂದು ಬೆಳಿಗ್ಗೆಯೇ ಹೇಳಿಬಿಡಿ. ರಾತ್ರಿ ಒಲೆ ಆರಿಸಿ, ನೀವೂ ತಟ್ಟೆ ಹಿಡಿದು ಬಿಸಿಯಾಗಿರುವಾಗಲೇ ಎಲ್ಲರ ಜೊತೆ ಕೂತುಬಿಡಿ. ಅನ್ನ ಬೇಕೆಂದವರಿಗೆ ಅಕ್ಕಿಯ ಡಬ್ಬ ಎಲ್ಲಿದೆಯೆಂದು ಹೇಳಿ. ಒಂದು ಲೋಟ ಅಕ್ಕಿಗೆ ಎರಡು ಲೋಟ ನೀರು, ಕುಕ್ಕರ್ ಮೂರು ಸಲ ಕೂಗಬೇಕು.