ಅಂಕೆಯೊಂದೇ ಸಾಲದು

ಅಡಿ, ಅಂಗುಲ, ಮೀಟರುಗಳ ಗೊಡವೆ ಕಲಾ ವಿಭಾಗದ ವಿದ್ಯಾರ್ಥಿಗಳಿಗೆ ಏತಕ್ಕೆಂದು ಕೆಲವರು ಕೇಳಬಹುದು. ಅದು ಇಂಜಿನಿಯರರ ಪಾಡು, ಕಂಪ್ಯೂಟರಿನ ಪಾಡು ಎಂದು ಸುಮ್ಮನಾಗುವುದು ಸುಲಭ. ಆದರೆ ಪದವಿ ಮುಗಿಸಿ ಹೊರಟ ಮೇಲೆ ನಮ್ಮಲ್ಲಿ ಕೆಲವರು ಕಂದಾಯ ಇಲಾಖೆಯನ್ನೋ ಪಂಚಾಯತಿ ಕಚೇರಿಯನ್ನೋ ಸೇರಬಹುದು. ಕೆಲವರು ನಾಲ್ಕಾರು ತಿಂಗಳ ತರಬೇತಿ ಪಡೆದು ಹೊಸಪೇಟೆಯಲ್ಲೋ ಬೆಂಗಳೂರಿನಲ್ಲೋ ಕಂಪ್ಯೂಟರಿನ ಮುಂದೆ ಕುಳಿತು ನಕ್ಷೆ ಬರೆಯಬಹುದು. ಹೊಲ ಕೊಳ್ಳುವ, ಮನೆ ಕಟ್ಟುವ ಪ್ರಸಂಗವಂತೂ ಯಾರಿಗೂ ತಪ್ಪಿದ್ದಲ್ಲ. ಆದ್ದರಿಂದ ಈ ವಿಷಯವನ್ನು ನಮ್ಮ ವಾರ್ಷಿಕ ಸಂಚಿಕೆಯಲ್ಲಿ ಎತ್ತುವುದು ಅಪ್ರಸ್ತುತವಾಗಲಾರದು.

ನಮ್ಮ ದೇಶದಲ್ಲಿ ಮೆಟ್ರಿಕ್ ಪದ್ಧತಿಯ ಕಾಯಿದೆಯಾದದ್ದು 1956ರಲ್ಲಿ. ಅಮೆರಿಕಾ ದೇಶದಲ್ಲಿ ಕಟ್ಟಡದ ನಕ್ಷೆಗಳು ಇಂದಿಗೂ ಅಡಿ-ಅಂಗುಲಗಳಲ್ಲಿವೆ. ಅಲ್ಲಿಂದ ಬಂದ ನಕ್ಷೆಯನ್ನು ನಾವು ಮಿಲಿಮೀಟರಿಗೆ ತರಬೇಕು. ಒಂದು ಅಂಗುಲಕ್ಕೆ 25.4 ಮಿಲಿಮೀಟರು, 1959ರಿಂದ ಇದು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದ ನಿಶ್ಚಿತ ಲೆಕ್ಕ. ಹಾಗಿದ್ದ ಮೇಲೆ ಕಷ್ಟವೆಲ್ಲಿ ಬಂತು?

ಕಷ್ಟವಿರುವುದು ಗುಣಾಕಾರದಲ್ಲಿ ಅಲ್ಲ. ಆಟೋಕ್ಯಾಡಿನಂಥ ತಂತ್ರಾಂಶ ಒಂದು ಗೆರೆಯ ಉದ್ದವನ್ನು ಬರಿಯ ಅಂಕೆಯಾಗಿ ಇಟ್ಟುಕೊಂಡಿರುತ್ತದೆ. ಹತ್ತು ಎಂದರೆ ಹತ್ತು. ಹತ್ತು ಅಡಿಯೋ, ಅಂಗುಲವೋ, ಮಿಲಿಮೀಟರೋ ಆ ಗೆರೆಗೆ ಗೊತ್ತಿಲ್ಲ. ಮಾನ ಯಾವುದೆಂಬ ಚೀಟಿ ಬೇರೆಯೇ ಇರುತ್ತದೆ. ಅಂಗುಲವೆಂದಿದ್ದ ಚೀಟಿಯನ್ನು ಮಿಲಿಮೀಟರ್ ಎಂದು ತಿದ್ದಿದರೆ ಗೆರೆ ಬೆಳೆಯುವುದಿಲ್ಲ. ಹೆಸರು ಮಾತ್ರ ಬದಲಾಗುತ್ತದೆ. ಒಂದು ನಕ್ಷೆಯೊಳಕ್ಕೆ ಇನ್ನೊಂದನ್ನು ಸೇರಿಸುವಾಗ ತಂತ್ರಾಂಶ ಎರಡರ ಚೀಟಿಗಳನ್ನೂ ಓದಿ ತಾನೇ ಗುಣಿಸುವುದುಂಟು. ಆದರೆ ಚೀಟಿಯೇ ಸುಳ್ಳಾಗಿದ್ದರೆ? ಅಡಿಯ ಲೆಕ್ಕದಲ್ಲಿ ಬರೆದ ಹತ್ತರ ಗೆರೆಗೆ ಅಂಗುಲದ ಚೀಟಿ ಅಂಟಿದ್ದರೆ, 3048 ಮಿಲಿಮೀಟರು ಇರಬೇಕಾದ ಗೋಡೆ 254 ಮಿಲಿಮೀಟರಿನದಾಗಿ ಕೂಡುತ್ತದೆ. ಪರದೆಯ ಮೇಲೆ ನಕ್ಷೆ ಮಾತ್ರ ಮೊದಲಿನಷ್ಟೇ ಅಂದ! ಕೈಯಿಂದ ಬರೆದು ಸೇರಿಸಿದ ಅಳತೆಯ ಅಕ್ಷರಗಳಂತೂ ಗೆರೆ ಹಿಗ್ಗಿದರೂ ಕುಗ್ಗಿದರೂ ಹಳೆಯ ಮಾತನ್ನೇ ಹೇಳುತ್ತಿರುತ್ತವೆ.

ನಮ್ಮ ಸೀಮೆಯಲ್ಲಿ ‘ಹಂಪಿಯನ್ನು ಹೊರಗೆ ನೋಡು, ಉಜ್ಜಿನಿಯನ್ನು ಒಳಗೆ ನೋಡು’ ಎಂಬ ಮಾತುಂಟು. ಪರಸ್ಥಳದಿಂದ ಬಂದ ನಕ್ಷೆಯನ್ನು ಉಜ್ಜಿನಿಯ ಗುಡಿಯಂತೆ ಒಳಗೆ ನೋಡಬೇಕು. ಹೊರಗಿನ ಚೆಲುವು ಅಳತೆಗೆ ಸಾಕ್ಷಿಯಲ್ಲ.

ಈ ಮಾತಿಗೆ ಅಮೆರಿಕಾದ ನಿದರ್ಶನವೇ ಬೇಕೆಂದಿಲ್ಲ. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳು 1953ರ ಅಕ್ಟೋಬರ್ 1ರವರೆಗೆ ಮದರಾಸಿಗೆ ಸೇರಿದ್ದವು. ಆ ಕಾರಣ ಇಲ್ಲಿಯ ಪಹಣಿಗಳಲ್ಲಿ ಎಕರೆ-ಸೆಂಟ್ಸುಗಳ ಲೆಕ್ಕ. ನೆರೆಯ ಜಗಳೂರು ಹಳೆಯ ಮೈಸೂರಿನದಾದ್ದರಿಂದ ಅಲ್ಲಿ ಎಕರೆ-ಗುಂಟೆ. ನೂರು ಸೆಂಟ್ಸಿಗೂ ಒಂದು ಎಕರೆ, ನಲವತ್ತು ಗುಂಟೆಗೂ ಒಂದು ಎಕರೆ. ‘2-20’ ಎಂದು ಬರೆದರೆ ಜಗಳೂರಿನವನಿಗೆ ಅದು ಎರಡೂವರೆ ಎಕರೆ. ಕೂಡ್ಲಿಗಿಯವನಿಗೆ ಎರಡು ಎಕರೆ ಇಪ್ಪತ್ತು ಸೆಂಟ್ಸು. ನಡುವಣ ಅಂತರ ಮೂವತ್ತು ಸೆಂಟ್ಸು, ಅಂದರೆ ಹನ್ನೆರಡು ಗುಂಟೆ. ಮಳೆಯನ್ನೇ ನಂಬಿದ ಸಣ್ಣ ರೈತನಿಗೆ ಇದು ಸಣ್ಣ ಮಾತಲ್ಲ. ಸರಪಳಿ ಹಿಡಿದು ಅಳೆದ ಹಳೆಯ ಹೊಲದ ನಕ್ಷೆಗಳ ಕಥೆಯೂ ಹೀಗೆಯೇ. 66 ಅಡಿಯ ಸರಪಳಿಗೆ ನೂರು ಕೊಂಡಿ. ಕೊಂಡಿಗಳ ಲೆಕ್ಕವನ್ನು ಅಡಿಯೆಂದು ತಿಳಿದು ಕಂಪ್ಯೂಟರಿಗೆ ಉಣಿಸಿದರೆ ಹೊಲದ ವಿಸ್ತೀರ್ಣ ಕುಳಿತಲ್ಲಿಯೇ ಎರಡೂಕಾಲು ಪಟ್ಟಿಗಿಂತ ಹೆಚ್ಚಾಗಿಬಿಡುತ್ತದೆ!

ಇನ್ನು ತುಂಗಭದ್ರೆಯ ಅಣೆಕಟ್ಟು. 1945ರಲ್ಲಿ ಶಂಕುಸ್ಥಾಪನೆಯಾದ ಈ ಅಣೆಕಟ್ಟು ಅಡಿಗಳ ಕಾಲದ ಕೂಸು. ಅದರ ಪೂರ್ಣ ಮಟ್ಟ 1633 ಅಡಿ, ಎಂದರೆ 497.74 ಮೀಟರು. ಕ್ರೆಸ್ಟ್ ಗೇಟುಗಳು 33. ಒಂದೊಂದೂ 60 ಅಡಿ ಅಗಲ, 20 ಅಡಿ ಎತ್ತರ. 2024ರ ಆಗಸ್ಟ್ 10ರ ರಾತ್ರಿ 19ನೆಯ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ವಾರದೊಳಗೆ ಹರಿಯುವ ನೀರಿನಲ್ಲಿಯೇ ತಾತ್ಕಾಲಿಕ ಗೇಟನ್ನು ಇಳಿಸಿದರು. ಆಮೇಲೆ ಎಲ್ಲ ಗೇಟುಗಳನ್ನೂ ಬದಲಿಸುವ ತೀರ್ಮಾನವಾಯಿತು. ಎಪ್ಪತ್ತು ವರ್ಷದ ಹಿಂದಿನ ಅಡಿಯ ಅಳತೆಗೆ ಇಂದಿನ ಮೆಟ್ರಿಕ್ ಉಕ್ಕು ಹೊಂದಬೇಕು. 60 ಅಡಿಯೆಂದರೆ 18.288 ಮೀಟರು. ನೋಡಲು ಚೆನ್ನಾಗಿದೆಯೆಂದು ಯಾರಾದರೂ 18.3 ಎಂದು ಬರೆದರೆ 12 ಮಿಲಿಮೀಟರು ಹೆಚ್ಚಾಯಿತು. ಕಾಗದದ ಮೇಲೆ ಅದು ಏನೂ ಅಲ್ಲ. ಗೇಟು ಇಳಿಯುವ ಸಂದಿನಲ್ಲಿ ಅದೇ ಎಲ್ಲವೂ.

‘ಅಡಿಯನ್ನೇ ತೊಡೆದುಹಾಕಿದರೆ ತೊಡಕು ತೀರಿತಲ್ಲ’ ಎನ್ನುವವರಿದ್ದಾರೆ. ಅವರ ವಾದದಲ್ಲಿ ಹುರುಳಿಲ್ಲದಿಲ್ಲ. ಆದರೆ ಇದ್ದದ್ದನ್ನು ಅಳೆಯುವಾಗ ಹಳೆಯ ಮಾನವನ್ನು ಮರೆಯುವಂತಿಲ್ಲ. 30-40ರ ನಿವೇಶನವನ್ನು ‘9-12 ಮೀಟರು’ ಎಂದು ದುಂಡಗೆ ಮಾಡಿದರೆ ಸುಮಾರು 37 ಚದರಡಿ ಮಾಯವಾಗುತ್ತದೆ. ಬಡವನ ಮನೆಯಲ್ಲಿ ಅದು ಎರಡು ಮಂಚದ ಜಾಗ. ಹೊಸದನ್ನು ಮೀಟರಿನಲ್ಲಿಯೇ ಕಟ್ಟೋಣ. ಹಳೆಯದನ್ನು ಅದರ ಮಾನದಲ್ಲಿಯೇ ಓದಿ, ಆಮೇಲೆ ಪರಿವರ್ತಿಸೋಣ.

ನಮ್ಮ ಹಿರಿಯರು ಈ ವಿಷಯದಲ್ಲಿ ನಮಗಿಂತ ಎಚ್ಚರವಾಗಿದ್ದರೆಂದು ನನಗೆ ತೋರುತ್ತದೆ. ದತ್ತಿಯ ಭೂಮಿ ಇಷ್ಟು ಮತ್ತರೆಂದು ಕೆತ್ತಿಸುವಾಗ ಅದನ್ನು ಯಾವ ಗಳೆಯಿಂದ ಅಳೆದರೆಂಬುದನ್ನೂ ಅನೇಕ ಶಾಸನಗಳಲ್ಲಿ ಹೇಳಿಸಿದ್ದಾರೆ. ಬಳ್ಳಿಗಾವೆಯ ‘ಭೇರುಂಡ ಗಳೆ’ಯನ್ನು ಇತಿಹಾಸದ ವಿದ್ಯಾರ್ಥಿಗಳು ಬಲ್ಲರು. ಅಂಕೆಯ ಜೊತೆಗೆ ಗಳೆಯ ಹೆಸರಿಲ್ಲದಿದ್ದರೆ ಮುಂದೆ ವ್ಯಾಜ್ಯ ತಪ್ಪದೆಂಬ ವಿವೇಕ ಕಲ್ಲು ಕೆತ್ತಿಸಿದವರಿಗಿತ್ತು. ಕಂಪ್ಯೂಟರು ಹಿಡಿದ ನಮಗೆ ಅಷ್ಟು ಬೇಡವೆ?

ಮಾಡಬೇಕಾದ್ದು ಹೆಚ್ಚೇನಲ್ಲ. ಬಂದ ನಕ್ಷೆಯ ಮೂಲಪ್ರತಿಯನ್ನು ಮುಟ್ಟದೆ ಎತ್ತಿಡಬೇಕು. ಬಾಗಿಲಿನ ಅಗಲದಂಥ ಗೊತ್ತಿರುವ ಒಂದು ಅಳತೆಯನ್ನು ಹಿಡಿದು, ಪರಿವರ್ತನೆಗೆ ಮೊದಲೊಮ್ಮೆ, ಆಮೇಲೊಮ್ಮೆ ತಾಳೆ ನೋಡಬೇಕು. ಮಾನದ ಹೆಸರನ್ನು ನಕ್ಷೆಯ ಮೇಲೆಯೇ ಕಾಣುವಂತೆ ಬರೆಯಬೇಕು. ಕೊನೆಯ ದಶಾಂಶವನ್ನು ಕೆಲಸದ ಸ್ವರೂಪ ಅರಿಯದೆ ಕತ್ತರಿಸಬಾರದು. ನಮ್ಮ ಅಧ್ಯಾಪಕರು ಇತಿಹಾಸ, ಭೂಗೋಳ, ಅರ್ಥಶಾಸ್ತ್ರಗಳ ಪಾಠದಲ್ಲಿಯೂ ಪಹಣಿ-ನಕ್ಷೆಗಳನ್ನು ಒಂದೆರಡು ದಿನ ಓದಿಸಿದರೆ ಮಹದುಪಕಾರವಾದೀತು. ಯಂತ್ರ ಗುಣಿಸಿ ಕೊಡುತ್ತದೆ, ಸತ್ಯವೇ. ಆದರೆ ಏನನ್ನು ಗುಣಿಸುತ್ತಿದ್ದೇವೆಂದು ಕೇಳುವ ಹೊಣೆ ಓದು ಬಲ್ಲ ಮನುಷ್ಯನದು.