ಎಲ್ಲಿಂದಲೂ ಬಾರದ ದುಡ್ಡು



ಫೆಬ್ರವರಿ ಬಂತೆಂದರೆ ಅಮೆರಿಕದಲ್ಲಿ ಅಲ್ಲಿನ ಕಪ್ಪು ಜನರ ಚರಿತ್ರೆಯನ್ನು ನೆನೆಯುತ್ತಾರೆ. ಕಾರ್ಟರ್ ವುಡ್ಸನ್ ಎಂಬ ಇತಿಹಾಸಕಾರರು 1926ರಲ್ಲಿ ಒಂದು ವಾರದ ಆಚರಣೆಯಾಗಿ ಇದನ್ನು ಶುರುಮಾಡಿದರು. 1976ರಿಂದ ತಿಂಗಳು ಪೂರ್ತಿ ನಡೆಯುತ್ತಿದೆ. ಆಗೆಲ್ಲ ಮಾರ್ಟಿನ್ ಲೂಥರ್ ಕಿಂಗ್ ಅವರ ಹೆಸರು ಕೇಳುತ್ತೇವೆ, ರೋಸಾ ಪಾರ್ಕ್ಸ್ ಅವರ ಹೆಸರು ಕೇಳುತ್ತೇವೆ. ಈ ಸಲ ನಾನು ಹೇಳಹೊರಟಿರುವುದು ಅವರ ಜೊತೆಗಿದ್ದ ಒಬ್ಬ ಅಡಿಗೆಯಾಕೆಯ ವಿಷಯ. ಜಾರ್ಜಿಯಾ ಗಿಲ್ಮೋರ್ ಅಂತ ಆಕೆಯ ಹೆಸರು.

ಅಲಬಾಮಾ ರಾಜ್ಯದ ಮಾಂಟ್ಗೊಮರಿ ಆಕೆಯ ಊರು. ಅಲ್ಲಿಯ ಬಸ್ಸುಗಳಲ್ಲಿ ಮುಂದಿನ ಸೀಟು ಬಿಳಿಯರಿಗೆ, ಹಿಂದಿನದು ಕಪ್ಪು ಜನರಿಗೆ. ಎಷ್ಟೋ ಸಲ ಮುಂದಿನ ಬಾಗಿಲಲ್ಲಿ ದುಡ್ಡು ಕೊಟ್ಟು, ಕೆಳಗಿಳಿದು, ಹಿಂದಿನ ಬಾಗಿಲಿಗೆ ಹೋಗಿ ಹತ್ತಬೇಕಾಗಿತ್ತು. 1955ರ ಅಕ್ಟೋಬರಿನಲ್ಲಿ ಗಿಲ್ಮೋರ್ ಹಾಗೇ ದುಡ್ಡು ಕೊಟ್ಟು ಇಳಿದರು. ಹಿಂದಿನ ಬಾಗಿಲು ಸೇರುವಷ್ಟರಲ್ಲಿ ಡ್ರೈವರು ಬಸ್ಸು ಬಿಟ್ಟುಕೊಂಡು ಹೋಗಿಬಿಟ್ಟ! ಇನ್ನು ಈ ಬಸ್ಸು ಹತ್ತುವುದಿಲ್ಲ ಎಂದು ಆಕೆ ಅಂದೇ ನಿಶ್ಚಯಿಸಿದರು.

ಆ ಡಿಸೆಂಬರ್ 1ರಂದು ಸೀಟು ಬಿಡಲೊಪ್ಪದ ರೋಸಾ ಪಾರ್ಕ್ಸ್ ಅವರನ್ನು ಪೊಲೀಸರು ಹಿಡಿದರು. 5ನೇ ತಾರೀಖಿನಿಂದ ಊರಿನ ಕಪ್ಪು ಜನರೆಲ್ಲ ಬಸ್ಸಿಗೆ ಬಹಿಷ್ಕಾರ ಹಾಕಿದರು. ಒಂದು ದಿನ, ಎರಡು ದಿನವಲ್ಲ, 381 ದಿನ! ಪರರ ಮನೆಗಳಲ್ಲಿ ಅಡಿಗೆ, ಬಟ್ಟೆ, ಮಕ್ಕಳ ಆರೈಕೆ ಮಾಡುತ್ತಿದ್ದ ಹೆಂಗಸರು ಮೈಲಿಗಟ್ಟಲೆ ನಡೆದರು. ನಡೆಯಲಾರದವರಿಗಾಗಿ ಕಾರುಗಳ ಏರ್ಪಾಡಾಯಿತು. ಏರ್ಪಾಡೇನೋ ಆಯಿತು, ಆದರೆ ಪೆಟ್ರೋಲಿಗೆ, ರಿಪೇರಿಗೆ, ವಿಮೆಗೆ ದುಡ್ಡು? ಸಂಸಾರ ತೂಗಿಸುವ ನಮಗೆ ಇದು ಬೇಗ ಅರ್ಥವಾಗುತ್ತದೆ, ಅಲ್ಲವೇ?

ಗಿಲ್ಮೋರ್ ಮತ್ತು ಅವರ ಗೆಳತಿಯರು ಕೈಯಲ್ಲಿದ್ದ ಪುಡಿಗಾಸು ಕೂಡಿಸಿ ಕೋಳಿ, ಬ್ರೆಡ್ಡು ತಂದರು. ಸ್ಯಾಂಡ್‌ವಿಚ್ ಮಾಡಿ ಚರ್ಚಿನ ಸಭೆಯಲ್ಲಿ ಮಾರಿದರು. ಆಮೇಲೆ ಒಬ್ಬೊಬ್ಬರೂ ತಮ್ಮ ಮನೆಯಲ್ಲೇ ಕೇಕು, ಸಿಹಿಗೆಣಸಿನ ಪೈ ಮಾಡತೊಡಗಿದರು. ಪೈ ಅಂದರೆ ಹಿಟ್ಟಿನ ಬಟ್ಟಲಿನೊಳಗೆ ಹೂರಣ ತುಂಬಿ ಬೇಯಿಸಿದ ತಿಂಡಿ. ಅದನ್ನು ಹೆಂಗಸರ ಕೇಶಾಲಂಕಾರದ ಅಂಗಡಿಗಳಲ್ಲಿ, ಲಾಂಡ್ರಿಗಳಲ್ಲಿ, ಬಾಗಿಲು ಬಾಗಿಲಿಗೂ ಹೋಗಿ ಮಾರಿದರು. ಬಿಳಿಯರೂ ಕೊಂಡದ್ದುಂಟು.

ಆದರೆ ಕೆಲಸ ಕೊಟ್ಟ ಮನೆಯವರಿಗೆ ಗೊತ್ತಾದರೆ ಕೂಲಿ ಹೋದಂತೆಯೇ. ಅದಕ್ಕೆ ಉಪಾಯವೇನು ಗೊತ್ತೇ? ತಮ್ಮ ಕೂಟಕ್ಕೆ ‘ಎಲ್ಲಿಯದೂ ಅಲ್ಲದ ಕ್ಲಬ್ಬು’ ಅಂತ ಹೆಸರಿಟ್ಟರು! ಈ ಹಣ ಎಲ್ಲಿಂದ ಬಂತು ಅಂತ ಯಾರಾದರೂ ಕೇಳಿದರೆ, ಎಲ್ಲಿಂದಲೂ ಇಲ್ಲ ಅನ್ನಬಹುದು, ಸುಳ್ಳು ಹೇಳಿದಂತೆಯೂ ಆಗುವುದಿಲ್ಲ. ಯಾರು ಮಾಡಿದರು, ಯಾರು ಕೊಂಡರು ಎಂಬ ಲೆಕ್ಕವೆಲ್ಲ ಗಿಲ್ಮೋರ್ ಒಬ್ಬರ ತಲೆಯಲ್ಲಿ. ಸಭೆಯಲ್ಲಿ ಆಕೆ ಆ ವಾರದ ಗಳಿಕೆ ಒಪ್ಪಿಸಿದಾಗ ಜನ ಚಪ್ಪಾಳೆ ತಟ್ಟುತ್ತಿದ್ದರು. ಊರಿನ ಇನ್ನೊಂದು ಕಡೆ ಇನೆಝ್ ರಿಕ್ಸ್ ಎಂಬಾಕೆ ಮತ್ತೊಂದು ಕೂಟ ಕಟ್ಟಿದರು. ಯಾರದು ಹೆಚ್ಚು ದುಡ್ಡು ಎಂದು ಇಬ್ಬರಿಗೂ ಪೈಪೋಟಿ!

1956ರ ಮಾರ್ಚಿಯಲ್ಲಿ ಕಿಂಗ್ ಅವರ ಮೇಲೆ ಮೊಕದ್ದಮೆ ನಡೆದಾಗ ಗಿಲ್ಮೋರ್ ಕೋರ್ಟಿಗೆ ಹೋಗಿ ಆ ಬಸ್ಸಿನ ಅವಮಾನವನ್ನು ಮುಚ್ಚುಮರೆಯಿಲ್ಲದೆ ಹೇಳಿದರು. ಆಕೆ ಹೋಟೆಲಿನಲ್ಲಿ ಅಡಿಗೆಯ ಕೆಲಸದಲ್ಲಿದ್ದರು. ಆ ಕೆಲಸ ಹೋಯಿತು. ಮನೆತುಂಬ ಮಕ್ಕಳು ಬೇರೆ. ಕಿಂಗ್ ಅವರೇ, ಮನೆಯಲ್ಲೇ ಊಟದ ವ್ಯಾಪಾರ ಮಾಡಿ ಎಂದು ಪಾತ್ರೆಪಡಗಕ್ಕೆ ಹಣ ಕೊಟ್ಟರು. ಬೆಳಗಿನ ಜಾವ ಎದ್ದು ಆಕೆ ಬೇಯಿಸಿದ ಅಡಿಗೆಗೆ ಕೂಲಿಯವರೂ ಬಂದರು, ವಕೀಲರೂ ಬಂದರು. ಕಿಂಗ್ ತಮ್ಮವರೊಡನೆ ಗುಟ್ಟಿನ ಮಾತುಕತೆ ನಡೆಸಿದ್ದೂ ಅದೇ ಊಟದ ಮೇಜಿನ ಸುತ್ತ.

ಕೊನೆಗೆ ಸುಪ್ರೀಂ ಕೋರ್ಟು ಬಸ್ಸಿನ ಆ ಭೇದ ಸಲ್ಲದೆಂದಿತು. 1956ರ ಡಿಸೆಂಬರ್ 21ರಂದು ಕಪ್ಪು ಜನ ಮತ್ತೆ ಬಸ್ಸು ಹತ್ತಿ ಇಷ್ಟಬಂದ ಕಡೆ ಕೂತರು.

ಗಿಲ್ಮೋರ್ ತೀರಿಕೊಂಡದ್ದು 1990ರ ಮಾರ್ಚಿಯಲ್ಲಿ. ಸೆಲ್ಮಾದಿಂದ ಮಾಂಟ್ಗೊಮರಿಗೆ ನಡೆದಿದ್ದ ಮೆರವಣಿಗೆಗೆ ಆಗ 25 ವರ್ಷ ತುಂಬಿತ್ತು. ಅದರ ನೆನಪಿಗೆ ನಡೆಯುವವರಿಗೆಂದು ಆಕೆ ಅಡಿಗೆ ಮಾಡುತ್ತಿದ್ದರು. ಆ ಅಡಿಗೆಯನ್ನೇ ಮನೆಯವರು ದುಃಖಕ್ಕೆ ಬಂದವರಿಗೆ ಬಡಿಸಿದರು.

ಈಗ ಆಕೆಯ ಮನೆಯ ಮುಂದೆ ನೆನಪಿನ ಫಲಕವಿದೆ. ಆದರೆ ಆ ಕೂಟದಲ್ಲಿ ಬೇಯಿಸಿ, ಮಾರಿ, ದುಡ್ಡು ತಂದುಕೊಟ್ಟ ಉಳಿದ ಹೆಂಗಸರಲ್ಲಿ ಹೆಚ್ಚಿನವರ ಹೆಸರು ಯಾವ ಫಲಕದ ಮೇಲೂ ಇಲ್ಲ. ಅವರ ಕೂಲಿ ಉಳಿಯಲೆಂದು ಗಿಲ್ಮೋರ್ ಅಷ್ಟು ಭದ್ರವಾಗಿ ಗುಟ್ಟು ಕಾಪಾಡಿದ್ದರು. ಫೆಬ್ರವರಿಯಲ್ಲಿ ದೊಡ್ಡವರ ಹೆಸರು ಕೇಳಿದಾಗ, ಸೋದರಿಯರೇ, ಹೆಸರು ಬಚ್ಚಿಟ್ಟುಕೊಂಡು ಪೆಟ್ರೋಲಿಗೆ ದುಡ್ಡು ಹೊಂದಿಸಿದ ಆ ತಾಯಂದಿರನ್ನೂ ನೆನೆಯೋಣ. ಮಕ್ಕಳಿಗೂ ಹೇಳೋಣ.